ಸಾಂಕ್ರಾಮಿಕದ ಕಾಲದಲ್ಲಿ ಹಾಸ್ಪೈಸ್ ನಡೆಸುವುದು ಹೇಗೆ: ರೋಗಿಗಳಿಗೂ ಸಿಬ್ಬಂದಿಗೂ ಆಸರೆಯಾಗುವ ಸಮಗ್ರ ಮಾರ್ಗದರ್ಶಿ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನಗಳ ಬಳಿಕ ಬಂದ ವರದಿಯಿಂದ ಅದು ದೇಶದ ಮೊದಲ ಕೋವಿಡ್ ಸಾವೆಂದು ಖಚಿತವಾಯಿತು. ಬೇರೆ ಊರುಗಳ ಜನ ಇನ್ನೂ ಸುದ್ದಿ ಓದುತ್ತಿದ್ದಾಗಲೇ ನಮ್ಮ ಊರಿಗೆ ಭಯ ಬಂದು ಕೂತಿತ್ತು. ಆಗ ಹನ್ನೆರಡು ಹಾಸಿಗೆಗಳ ಚಿಕ್ಕದೊಂದು ಹಾಸ್ಪೈಸಿನ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ಕೊನೆಯವರೆಗೂ ನೋಡಿಕೊಳ್ಳುವ ಉಪಶಾಮಕ ಆರೈಕೆ ಕೇಂದ್ರದ, ನರ್ಸಿಂಗ್ ಹೊಣೆ ನನ್ನ ಮೇಲಿತ್ತು. ಬಂದ ಸುತ್ತೋಲೆಗಳೆಲ್ಲ ದೊಡ್ಡ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಗುಣವಾಗದ ಕ್ಯಾನ್ಸರಿನಿಂದ ಬಳಲುತ್ತ, ಇನ್ನು ಕೆಲವೇ ವಾರ ಬದುಕಲಿರುವವರನ್ನು ನೋಡಿಕೊಳ್ಳುವ ಜಾಗದಲ್ಲಿ ಏನು ಮಾಡಬೇಕೆಂದು ಅವುಗಳಲ್ಲಿ ಇರಲಿಲ್ಲ.

ಆಸ್ಪತ್ರೆಗೂ ಹಾಸ್ಪೈಸಿಗೂ ಇರುವ ವ್ಯತ್ಯಾಸವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ‘ಅಲೆ ಇಳಿದ ಮೇಲೆ ಮಗನನ್ನು ನೋಡುವಿಯಂತೆ’ ಎಂದು ನಾವು ಯಾರಿಗೆ ಹೇಳುತ್ತೇವೆಯೋ ಅವರಿಗೆ ಅಷ್ಟು ಸಮಯವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಮಾಸ್ಕ್, ಗ್ಲೌಸ್, ಪಾಳಿ, ದಾಸ್ತಾನು ಎಲ್ಲವನ್ನೂ ಹೊಂದಿಸಬೇಕಾದದ್ದು ಸಾಯುವವರ ಕೈ ಹಿಡಿಯಲು ಒಬ್ಬರಾದರೂ ನಿರ್ಭಯವಾಗಿ ಹತ್ತಿರ ಬರುವಂತಾಗಲಿ ಎಂಬ ಗುರಿಯಿಂದ. ಕೆಳಗಿನ ಹೆಜ್ಜೆಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಹೆಜ್ಜೆ 1: ರೋಗ ಊರಿಗೆ ಬರುವ ಮುನ್ನ ನೋವಿನ ಔಷಧಿ ಎಣಿಸಿರಿ

ಎಲ್ಲರೂ ಮೊದಲು ಮಾಸ್ಕ್ ಎಣಿಸುತ್ತಾರೆ. ನಾನು ಮಾರ್ಫಿನ್ ಎಣಿಸಿರಿ ಎನ್ನುತ್ತೇನೆ. ಮಾಸ್ಕ್ ಮುಗಿದರೆ ದಾನಿಗಳು ಸಿಗುತ್ತಾರೆ, ಮಾರ್ಫಿನ್ ಮುಗಿದರೆ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ಆದ ತಿದ್ದುಪಡಿಯ ನಂತರ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಯು ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯ ಮೇಲೆ ಇದನ್ನು ತರಿಸಿಕೊಳ್ಳಬಹುದು. ನಿಮ್ಮ ಮಾನ್ಯತೆಯ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಇಂದೇ ನೋಡಿಕೊಳ್ಳಿ, ಏಕೆಂದರೆ ಲಾಕ್‌ಡೌನ್ ನಡುವೆ ಬೆಂಗಳೂರಿನ ಕಚೇರಿಯ ಕಡತ ಮುಂದಕ್ಕೆ ಸಾಗಿಸುವುದು ಕಲಬುರಗಿಯಲ್ಲಿ ಕುಳಿತವರ ಕೈಯಲ್ಲಿರುವುದಿಲ್ಲ.

ಲೆಕ್ಕ ಹೀಗೆ ಮಾಡಿರಿ. ಬಾಯಿಂದ ಕೊಡುವ ಸಾಧಾರಣ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಎಂಟು ಜನ ರೋಗಿಗಳು 10 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಆರು ಸಲ ತೆಗೆದುಕೊಳ್ಳುತ್ತಿದ್ದರೆ ದಿನಕ್ಕೆ 48, ತಿಂಗಳಿಗೆ 1,440 ಮಾತ್ರೆ ಬೇಕು. ನಡುವೆ ನೋವು ಏರಿದಾಗ ಕೊಡುವುದಕ್ಕೂ, ಉಸಿರಾಟದ ತೊಂದರೆಗೆ ವೈದ್ಯರು ಬರೆಯುವುದಕ್ಕೂ ಮೂರನೆಯ ಒಂದು ಭಾಗ ಸೇರಿಸಿದರೆ 1,920 ಆಗುತ್ತದೆ. ಎರಡು ತಿಂಗಳ ದಾಸ್ತಾನು ಕೈಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಮಾರ್ಫಿನ್ ಥಟ್ಟನೆ ನಿಂತರೆ ನೋವು ಮರಳುವುದಷ್ಟೇ ಅಲ್ಲ, ಬೆವರು, ನಡುಕ, ಭೇದಿ, ತಳಮಳವೂ ಶುರುವಾಗುತ್ತವೆ; ಅದನ್ನು ಸೋಂಕಿನ ಲಕ್ಷಣವೆಂದು ತಪ್ಪಾಗಿ ತಿಳಿಯುವ ಅಪಾಯವೂ ಉಂಟು. ಮಲಬದ್ಧತೆಯ ಔಷಧಿಯನ್ನು ಮಾರ್ಫಿನ್ ಜೊತೆಗೇ ತರಿಸಿರಿ.

ಮನೆಯಲ್ಲೇ ಇರುವ ರೋಗಿಗಳ ಹೆಸರು, ಊರು, ಔಷಧಿ, ಅವು ಮುಗಿಯುವ ತಾರೀಖು, ಮನೆಯವರ ಎರಡು ಫೋನ್ ನಂಬರು, ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡಿ. ನಮ್ಮ ಭಾಗದ ಅನೇಕರು ಚಿಕಿತ್ಸೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರು. ರಾಜ್ಯದ ಗಡಿ ಮುಚ್ಚಿದ ದಿನ ಅವರೆಲ್ಲ ನಿಮ್ಮ ಬಾಗಿಲಿಗೇ ಬರುತ್ತಾರೆ. ಆ ಲೆಕ್ಕವೂ ದಾಸ್ತಾನಿನಲ್ಲಿ ಇರಬೇಕು.

ಹೆಜ್ಜೆ 2: ಪ್ರತಿ ರೋಗಿಯ ಇಚ್ಛೆಯನ್ನು ಮುಂಚೆಯೇ ಕೇಳಿ ಬರೆದಿಡಿ

ಸೋಂಕು ತಗುಲಿದರೆ ದೊಡ್ಡ ಆಸ್ಪತ್ರೆಗೆ ಹೋಗಬೇಕೆ, ಇಲ್ಲೇ ಇರಬೇಕೆ, ಮನೆಗೆ ಮರಳಬೇಕೆ? ರಾತ್ರಿ ಎರಡು ಗಂಟೆಗೆ ಉಸಿರು ಏರಿದಾಗ ಕೇಳುವ ಪ್ರಶ್ನೆ ಇದಲ್ಲ. ಹಗಲು ಹೊತ್ತಿನಲ್ಲಿ, ರೋಗಿಗೆ ನೋವು ಕಡಿಮೆಯಿರುವಾಗ, ವೈದ್ಯರೂ ಮನೆಯವರೊಬ್ಬರೂ ಜೊತೆಗಿದ್ದು ಕೇಳಬೇಕು. ‘ಏನಾದರೂ ಆದರೆ’ ಎಂದು ಶುರುಮಾಡುವ ಬದಲು, ‘ನಿಮಗೆ ಈಗ ಬಹಳ ಮುಖ್ಯ ಅನಿಸುವುದು ಯಾವುದು?’ ಎಂದು ಕೇಳಿದಾಗ ಜನ ಮನಸ್ಸು ಬಿಚ್ಚುತ್ತಾರೆ. ಚಿಂಚೋಳಿ ಕಡೆಯ ತಾಂಡಾದ ಅಜ್ಜಿಯೊಬ್ಬರು ಹೇಳಿದ್ದು ಇಷ್ಟೇ: ‘ಮಷೀನ್ ಹಚ್ಚಬ್ಯಾಡ್ರಿ ಯವ್ವಾ, ನನ್ನ ಮಂದಿ ಮಾತು ಕಿವಿಗಿ ಬೀಳೂ ಹಾಂಗ ನೋಡ್ರಿ.’ ಆ ಮಾತನ್ನು ಹಾಗೆಯೇ ಅವರ ಕಡತದಲ್ಲಿ ಬರೆದೆವು, ನಾಲ್ಕು ವಾರಗಳ ನಂತರ ಅದರಂತೆಯೇ ನಡೆದುಕೊಂಡೆವು.

ರೋಗಿ ಲಂಬಾಣಿ, ಉರ್ದು, ತೆಲುಗು ಅಥವಾ ಮರಾಠಿ ಮಾತನಾಡುವವರಾದರೆ ಆ ಭಾಷೆ ಬಲ್ಲ ಸಿಬ್ಬಂದಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಉತ್ತರ ಬದಲಾಗಬಹುದು ಎಂದು ತಿಳಿಸಿ, ಹದಿನೈದು ದಿನಕ್ಕೊಮ್ಮೆ ಮತ್ತೆ ಕೇಳಿರಿ.

ಹೆಜ್ಜೆ 3: ಬಾಗಿಲಿನಲ್ಲಿ ತಪಾಸಣೆ, ಒಳಗೆ ಒಂದು ಬೇರೆ ಕೋಣೆ

ಬರುವವರಿಗೆಲ್ಲ ಒಂದೇ ಬಾಗಿಲು ಇರಲಿ. ಅಲ್ಲಿ ಸೋಪು, ನೀರು, ಜ್ವರ ನೋಡುವ ಸಾಧನ ಮತ್ತು ಪ್ರಶ್ನೆ ಕೇಳುವ ಒಬ್ಬ ಮನುಷ್ಯ ಇದ್ದರೆ ಸಾಕು. ಕೈಯನ್ನು ಸೋಪಿನಿಂದ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಬೇಕು.

ಹಾಸ್ಪೈಸಿನಲ್ಲಿ ತಪಾಸಣೆಯ ಕಷ್ಟವೇ ಬೇರೆ. ನಮ್ಮ ರೋಗಿಗಳಲ್ಲಿ ಕೆಮ್ಮು, ಸುಸ್ತು, ಜ್ವರ, ಊಟ ರುಚಿಸದಿರುವುದು ಮೂಲ ಕಾಯಿಲೆಯಿಂದಲೇ ಇರುತ್ತವೆ. ಆದ್ದರಿಂದ ‘ಲಕ್ಷಣ ಇದೆಯೇ’ ಎಂದು ಕೇಳದೆ, ‘ನಿನ್ನೆಗಿಂತ ಹೊಸದು ಏನಿದೆ’ ಎಂದು ದಿನಕ್ಕೆರಡು ಸಲ ಬರೆದುಕೊಳ್ಳಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಉಪಯುಕ್ತವಾದರೂ ಮೆಹಂದಿ, ಉಗುರುಬಣ್ಣ, ತಣ್ಣಗಾದ ಬೆರಳು ಇದ್ದಾಗ ತಪ್ಪು ಅಂಕಿ ತೋರಿಸಬಹುದು. ಕೊನೆಯ ದಿನಗಳಲ್ಲಿರುವವರ ಬೆರಳಿಗೆ ಅದನ್ನು ಮತ್ತೆ ಮತ್ತೆ ಸಿಕ್ಕಿಸುವುದರಿಂದ ಅವರಿಗೆ ಯಾವ ಉಪಕಾರವೂ ಇಲ್ಲ. ಮುಖ ನೋಡಿರಿ, ಉಸಿರು ಎಣಿಸಿರಿ.

ಸಂಶಯ ಬಂದವರನ್ನು ಕಿಟಕಿಯುಳ್ಳ, ಸಾಧ್ಯವಾದರೆ ಶೌಚಾಲಯವೂ ಇರುವ ಬೇರೆ ಕೋಣೆಗೆ ಸ್ಥಳಾಂತರಿಸಿ, ಪ್ರತಿ ಪಾಳಿಯಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬರನ್ನೇ ನೇಮಿಸಿರಿ. ಏಕೆ ಸ್ಥಳ ಬದಲಿಸುತ್ತಿದ್ದೇವೆಂದು ರೋಗಿಗೆ ಹೇಳದೆ ಮಂಚ ತಳ್ಳಬೇಡಿ.

ಹೆಜ್ಜೆ 4: ಗಾಳಿ ಮತ್ತು ನೆಲ

ಎದುರುಬದಿರು ಕಿಟಕಿ ತೆರೆದಿಡುವುದಕ್ಕಿಂತ ಅಗ್ಗದ, ಅದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟಿದಾಗ ಮಧ್ಯಾಹ್ನದ ಬಿಸಿಗಾಳಿಯನ್ನು ರೋಗಿಗಳು ತಾಳಲಾರರು. ನಾವು ಬೆಳಗಿನ ಐದರಿಂದ ಹತ್ತರವರೆಗೂ ಸಂಜೆ ಆರರ ನಂತರವೂ ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದೆವು. ನಡುವಿನ ಹೊತ್ತಿನಲ್ಲಿ ನೆರಳಿನ ಬದಿಯ ಕಿಟಕಿಯನ್ನಷ್ಟೇ ತೆರೆದು, ಎದುರು ಗೋಡೆಯ ಎಕ್ಸಾಸ್ಟ್ ಫ್ಯಾನ್ ಹಾಕುತ್ತಿದ್ದೆವು. ಕೂಲರ್ ಇಟ್ಟರೆ ಅದು ಹೊರಗಿನ ಗಾಳಿಯನ್ನು ಎಳೆಯುವಂತೆ ಕಿಟಕಿಯಲ್ಲಿ ಕೂರಿಸಿರಿ, ಒಳಗಿನ ಗಾಳಿಯನ್ನೇ ತಿರುಗಿಸುವಂತೆ ನಡುಕೋಣೆಯಲ್ಲಿ ಇಡಬೇಡಿ. ಮಂಚಗಳ ನಡುವೆ ಕನಿಷ್ಠ ಒಂದು ಮೀಟರ್ ಅಂತರವಿರಲಿ.

ನಮ್ಮ ಕಡೆಯ ಕಟ್ಟಡಗಳಲ್ಲಿ ಹೆಚ್ಚಾಗಿ ಇರುವುದು ಶಹಾಬಾದ್ ಕಲ್ಲಿನ ನೆಲ. ಕಲ್ಲು ಬೇಗ ಶುಚಿಯಾಗುತ್ತದೆ, ಕಲ್ಲುಗಳ ನಡುವಿನ ಸಂದಿಗಳು ಶುಚಿಯಾಗುವುದಿಲ್ಲ. ಸಂದಿಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಮೊದಲು ಸೋಪು ನೀರಿನಿಂದ ಒರೆಸಿ, ನಂತರ ಕ್ಲೋರಿನ್ ದ್ರಾವಣ ಬಳಸಿರಿ. ಶೇ. 33ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ 3 ಗ್ರಾಂ ಒಂದು ಲೀಟರಿಗೆ ಹಾಕಿದರೆ ಶೇ. 0.1ರ ದ್ರಾವಣ ಸಿಗುತ್ತದೆ, ಅದು ನೆಲ ಮತ್ತು ಮಂಚದ ಸರಳುಗಳಿಗೆ. 30 ಗ್ರಾಂ ಹಾಕಿದರೆ ಶೇ. 1ರದು, ಅದು ರಕ್ತ, ವಾಂತಿ ಚೆಲ್ಲಿದ ಜಾಗಕ್ಕೆ. ಪ್ರತಿದಿನ ಹೊಸದಾಗಿ ಕಲಸಿರಿ. ಶೌಚಾಲಯ ತೊಳೆಯುವ ಆಸಿಡ್ ಜೊತೆ ಇದನ್ನು ಬೆರೆಸಿದರೆ ವಿಷಾನಿಲ ಏಳುತ್ತದೆ ಎಂಬುದನ್ನು ಸಫಾಯಿ ಮಾಡುವವರಿಗೆ ಬಾಟಲಿ ತೋರಿಸಿಯೇ ಹೇಳಬೇಕು. ಮನುಷ್ಯರ ಮೈಮೇಲೆ ಯಾವ ಕಾರಣಕ್ಕೂ ಸಿಂಪಡಿಸಬಾರದು. ಸೋಂಕಿತರ ಕೋಣೆಯ ತ್ಯಾಜ್ಯವನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣದಂತೆ ವಿಂಗಡಿಸಿ ಎರಡು ಪದರದ ಚೀಲದಲ್ಲಿ ಕಟ್ಟಿರಿ.

ಹೆಜ್ಜೆ 5: ಪಿಪಿಇ ಕಿಟ್, ಅದರೊಳಗಿನ ಮನುಷ್ಯ

ಕಿಟ್ ಹಾಕಿಕೊಳ್ಳುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಸೋಂಕು ತಗುಲುವುದು ಹೆಚ್ಚಾಗಿ ತೆಗೆಯುವಾಗ. ಮೊದಲು ಗ್ಲೌಸ್, ಆಮೇಲೆ ಗೌನ್, ಕೈ ಶುಚಿ, ಕನ್ನಡಕ ಅಥವಾ ಶೀಲ್ಡ್, ಕೋಣೆಯಿಂದ ಹೊರಗೆ ಬಂದ ಮೇಲೆ ಕಟ್ಟಕಡೆಗೆ ಮಾಸ್ಕ್, ಮತ್ತೆ ಕೈ ಶುಚಿ. ಈ ಕ್ರಮವನ್ನು ಗೋಡೆಗೆ ಅಂಟಿಸಿದರೆ ಸಾಲದು, ತೆಗೆಯುವವರ ಎದುರು ಇನ್ನೊಬ್ಬರು ನಿಂತು ಒಂದೊಂದನ್ನೂ ಗಟ್ಟಿಯಾಗಿ ಹೇಳಬೇಕು. ಒಂದು ಏಪ್ರಿಲ್ ಮಧ್ಯಾಹ್ನ, ನಮ್ಮ ಹಿರಿಯ ಆಯಾ ಒಬ್ಬರು ರೋಗಿಯ ಮೈ ಒರೆಸಿ ಹೊರಬಂದವರೇ, ಕಣ್ಣಿಗಿಳಿಯುತ್ತಿದ್ದ ಬೆವರನ್ನು ಗೌನಿನ ತೋಳಿನಿಂದಲೇ ಒರೆಸಿಕೊಂಡರು. ತಪ್ಪು ಅವರದಲ್ಲ. ಆ ಸೆಖೆಯಲ್ಲಿ ಮೂರು ಗಂಟೆ ಅವರನ್ನು ಒಳಗೆ ಬಿಟ್ಟ ಪಾಳಿಪಟ್ಟಿ ನನ್ನದು. ಅಂದಿನಿಂದ ಬೇಸಿಗೆಯಲ್ಲಿ ಕಿಟ್ ತೊಟ್ಟವರ ಸರದಿಯನ್ನು ಒಂದೂವರೆ ಗಂಟೆಗೆ ಇಳಿಸಿದೆವು. ಹಣೆಗೆ ಹತ್ತಿಬಟ್ಟೆಯ ಪಟ್ಟಿ ಕಟ್ಟಿದೆವು, ಒಳಗೆ ಹೋಗುವ ಮುನ್ನ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆವು. ಮೈ ಒರೆಸುವ, ಡ್ರೆಸ್ಸಿಂಗ್ ಮಾಡುವ ಕೆಲಸಗಳನ್ನು ಬೆಳಗಿನ ತಂಪಿಗೆ ಬದಲಿಸಿದೆವು.

ಎನ್-95 ಮಾಸ್ಕ್ ಕೊರತೆಯಾದಾಗ ಒಬ್ಬೊಬ್ಬರಿಗೆ ಐದು ಮಾಸ್ಕ್ ಕೊಟ್ಟು, ಹೆಸರು ಬರೆದ ಕಾಗದದ ಚೀಲದಲ್ಲಿಟ್ಟು, ದಿನಕ್ಕೊಂದರಂತೆ ಸರದಿಯಲ್ಲಿ ಬಳಸಬಹುದು. ಒದ್ದೆಯಾದದ್ದು, ದಾರ ಸಡಿಲಾದದ್ದು ಮತ್ತೆ ಬೇಡ.

ಬಳೆ, ಉಂಗುರಗಳ ಕೆಳಗೆ ಕೈ ಶುಚಿಯಾಗುವುದಿಲ್ಲ. ಆದರೆ ಬಳೆ ತೆಗೆಯುವುದನ್ನು ಅಪಶಕುನವೆಂದು ಭಾವಿಸುವ ಹೆಣ್ಣುಮಕ್ಕಳಿಗೆ ಗದರಿಸಿ ಹೇಳುವ ವಿಷಯ ಇದಲ್ಲ; ಒಬ್ಬೊಬ್ಬರೊಡನೆ ಕುಳಿತು ಕಾರಣ ತಿಳಿಸಿ, ಬಳೆಗಳನ್ನು ಜೋಪಾನವಾಗಿಡಲು ಬೀಗವಿರುವ ಡಬ್ಬಿ ಕೊಟ್ಟರೆ ಒಪ್ಪುತ್ತಾರೆ. ಲಸಿಕೆ ಬಂದಾಗ ಅಡುಗೆಯವರು, ಡ್ರೈವರ್, ವಾಚ್‌ಮನ್ ಹೆಸರುಗಳನ್ನೂ ಪಟ್ಟಿಗೆ ಸೇರಿಸಿರಿ.

ಮುಖ ಮುಚ್ಚಿದ ಮೇಲೆ ರೋಗಿಗೆ ನಾವೆಲ್ಲರೂ ಒಂದೇ ಥರ ಕಾಣುತ್ತೇವೆ. ನಗುವ ಫೋಟೋ ಮತ್ತು ದೊಡ್ಡ ಅಕ್ಷರದ ಹೆಸರನ್ನು ಎದೆಗೆ ತಗಲಿಸಿಕೊಳ್ಳಿ, ಓದಲು ಬಾರದವರಿಗೆ ಒಳಗೆ ಬರುತ್ತಲೇ ಹೆಸರು ಹೇಳಿರಿ. ತುಟಿ ನೋಡಿ ಮಾತು ತಿಳಿಯುವ, ಕಿವಿ ಮಂದವಾದ ಹಿರಿಯರಿಗೆ ಕಿಟಕಿಯ ಆಚೆ ನಿಂತು ಒಮ್ಮೆ ಮಾಸ್ಕ್ ತೆಗೆದು ಮುಖ ತೋರಿಸಿರಿ.

ಹೆಜ್ಜೆ 6: ಭೇಟಿಯನ್ನು ನಿಲ್ಲಿಸಬೇಡಿ, ಕ್ರಮಗೊಳಿಸಿರಿ

ಮೊದಲ ಲಾಕ್‌ಡೌನಿನಲ್ಲಿ ನಾವು ಭೇಟಿಯನ್ನು ಪೂರ್ತಿ ನಿಲ್ಲಿಸಿದೆವು. ಆಳಂದ ತಾಲ್ಲೂಕಿನಿಂದ ಬಂದ ಒಬ್ಬ ರೈತರ ಹೆಂಡತಿ ನಮ್ಮಲ್ಲಿದ್ದರು. ಆ ರೈತರು ಮೂರು ದಿನ ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ನಿಂತರು. ಜೋಳದ ರೊಟ್ಟಿ, ಪುಂಡಿಪಲ್ಯದ ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು, ‘ಆಕಿ ಉಂಡಳೇನ್ರಿ’ ಎಂದು ಕೇಳುತ್ತಿದ್ದರು. ಮೂರನೆಯ ರಾತ್ರಿ ಆಕೆ ತೀರಿಕೊಂಡಾಗ ತೆರೆಯದ ಡಬ್ಬಿ ಮಂಚದ ಪಕ್ಕದಲ್ಲಿತ್ತು, ಅವರು ನೂರು ಅಡಿ ದೂರದಲ್ಲಿದ್ದರು. ಆ ನಿಯಮಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ಮೈಯದಷ್ಟೇ ಅಲ್ಲ, ಮನಸ್ಸಿನದು, ಸಂಬಂಧದ್ದು, ಆತ್ಮದ್ದೂ ಹೌದೆಂದು ಗುರುತಿಸಿ ಅದನ್ನು ಒಟ್ಟು ನೋವು ಎಂದು ಕರೆದರು. ಆ ಹೆಣ್ಣುಮಗಳಿಗೆ ನಾವು ಹೊತ್ತುಹೊತ್ತಿಗೆ ಮಾರ್ಫಿನ್ ಕೊಟ್ಟಿದ್ದೆವು. ಉಳಿದ ನೋವನ್ನು ನಾವೇ ಹೆಚ್ಚಿಸಿದೆವು.

ಆಮೇಲೆ ಮಾಡಿಕೊಂಡ ವ್ಯವಸ್ಥೆ ಹೀಗಿತ್ತು. ಪ್ರತಿ ರೋಗಿಗೆ ಒಬ್ಬರೇ ಆರೈಕೆದಾರರು, ರೋಗಿಯೇ ಆರಿಸಿದವರು. ಅವರು ಬಂದು ಹೋಗುವುದಿಲ್ಲ, ಒಳಗೇ ಉಳಿಯುತ್ತಾರೆ; ನಮ್ಮ ಕಡೆ ರೋಗಿಯ ಜೊತೆ ಒಬ್ಬರು ಉಳಿಯುವುದು ಮೊದಲಿನಿಂದಲೂ ರೂಢಿ, ದಿನಕ್ಕೆ ಐದು ಜನ ಬಂದು ಹೋಗುವುದಕ್ಕಿಂತ ಇದು ಸುರಕ್ಷಿತವೂ ಹೌದು. ಅವರಿಗೆ ಊಟ, ಮಲಗಲು ಜಾಗ, ಮಾಸ್ಕ್ ಕೇಂದ್ರದ್ದೇ. ಮೊದಲ ದಿನವೇ ಅವರಿಗೆ ರೋಗಿಯನ್ನು ಹೊರಳಿಸುವುದು, ಬಾಯಿ ತೇವ ಮಾಡುವುದು, ಕೈ ತೊಳೆಯುವುದು ಕಲಿಸಿರಿ. ಉಳಿದ ಬಂಧುಗಳಿಗೆ ಹೊರಗಿನಿಂದ ಕಾಣುವ ಕಿಟಕಿಯ ಬಳಿ ಮಂಚ ಸರಿಸಿ, ನೆರಳಿನಲ್ಲಿ ಕುರ್ಚಿ ಹಾಕಿಸಿರಿ.

ಸಾವು ಹತ್ತಿರವಾದಾಗ ನಿಯಮ ಸಡಿಲಾಗಬೇಕು. ‘ಕೊನೆಯ ಗಳಿಗೆ’ಗಾಗಿ ಕಾಯಬೇಡಿ, ಅದು ಯಾರಿಗೂ ತಿಳಿಸಿ ಬರುವುದಿಲ್ಲ. ರೋಗಿ ನೀರು ಕುಡಿಯುವುದನ್ನು ಬಿಟ್ಟಾಗ, ದಿನದ ಹೆಚ್ಚು ಹೊತ್ತು ಎಚ್ಚರವಿಲ್ಲದೆ ಮಲಗಿದಾಗ, ಕೈಕಾಲು ತಣ್ಣಗಾಗತೊಡಗಿದಾಗ ಮನೆಯವರಿಗೆ ಫೋನ್ ಮಾಡಿರಿ; ಸರದಿಯಂತೆ ಇಬ್ಬಿಬ್ಬರು, ಸೋಂಕಿತರ ಕೋಣೆಯಾದರೂ ಕಿಟ್ ತೊಡಿಸಿ, ನಮ್ಮವರೊಬ್ಬರು ಜೊತೆಗಿದ್ದು, ಒಳಗೆ ಕರೆದುಕೊಂಡು ಹೋಗಬೇಕು. ದೂರದಿಂದ ಬರುವವರ ಪ್ರಯಾಣಕ್ಕೆ ಪಾಸ್ ಸಿಗುವಂತೆ ಕೇಂದ್ರದ ಲೆಟರ್‌ಹೆಡ್ಡಿನ ಮೇಲೆ ಪತ್ರ ಬರೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿರಿ.

ಬರಲಾಗದವರಿಗೆ ವಿಡಿಯೋ ಕಾಲ್. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕರೆ ಮುಗಿದ ಮೇಲೆ ಒರೆಸಿರಿ. ಕರೆ ಹಚ್ಚುವ ಮುನ್ನ, ‘ಅಪ್ಪಾಜಿ ಬಹಳ ಸೊರಗಿದ್ದಾರೆ, ಕಣ್ಣು ತೆರೆಯದೆ ಇರಬಹುದು, ಆದರೂ ಮಾತಾಡಿರಿ, ಕೇಳಿಸುತ್ತಿರಬಹುದು’ ಎಂದು ಆ ಕಡೆಯವರಿಗೆ ಮೊದಲೇ ಹೇಳಿರಿ. ಮುಂಬೈ, ಪುಣೆಗೆ ದುಡಿಯಲು ಹೋದ ಮಕ್ಕಳು ಅತ್ತಾಗ ಕರೆಯನ್ನು ನಾವಾಗಿ ಕಡಿಯಬಾರದು.

ಹೆಜ್ಜೆ 7: ಉಸಿರಾಟದ ಸಂಕಟ, ಗೊರಗೊರ ಸದ್ದು, ಗೊಂದಲ

ಉಸಿರಾಟ ಕಷ್ಟವಾದಾಗ ತಲೆ-ಎದೆ ಎತ್ತರಿಸಿ ಕೂರಿಸಿರಿ, ತೋಳುಗಳ ಕೆಳಗೆ ದಿಂಬು ಕೊಡಿರಿ, ಕಿಟಕಿ ತೆರೆಯಿರಿ, ಒದ್ದೆ ಬಟ್ಟೆಯಿಂದ ಮುಖ ತಂಪು ಮಾಡಿರಿ. ಸೋಂಕಿತರ ಕೋಣೆಯಲ್ಲಿ ಮುಖಕ್ಕೆ ಫ್ಯಾನ್ ಹಿಡಿಯುವುದು ಬೇಡ. ವೈದ್ಯರು ಬರೆದ ಅಲ್ಪ ಪ್ರಮಾಣದ ಮಾರ್ಫಿನ್ ಉಸಿರು ಸಾಲದೆಂಬ ಸಂಕಟವನ್ನು ತಗ್ಗಿಸುತ್ತದೆ. ಅದಕ್ಕೆ ಹೆದರುವ ಹೊಸ ನರ್ಸ್‌ಗಳಿಗೆ ಮುಂಚೆಯೇ ಕಲಿಸಿರಿ. ಔಷಧಿಯನ್ನು ಹಬೆಯಂತೆ ಕೊಡುವ ನೆಬ್ಯುಲೈಸರ್ ಬದಲು ಸ್ಪೇಸರ್ (ಬಾಯಿಗೂ ಇನ್‌ಹೇಲರಿಗೂ ನಡುವೆ ಹಾಕುವ ಕೊಳವೆ) ಜೊತೆಗಿನ ಇನ್‌ಹೇಲರ್ ಬಳಸಿದರೆ ಹನಿಗಳು ಗಾಳಿಯಲ್ಲಿ ಹರಡುವುದು ಕಡಿಮೆ. ಗಂಟಲಿನಲ್ಲಿ ಗೊರಗೊರ ಸದ್ದು ಬಂದಾಗ ಸಕ್ಷನ್ ಕೊಳವೆಯಿಂದ ಕಫ ಹೀರುವ ಆತುರ ಬೇಡ. ಒಂದು ಮಗ್ಗುಲಿಗೆ ಹೊರಳಿಸಿ, ಗಂಟಲಿನ ದ್ರವ ತಗ್ಗಿಸಲು ವೈದ್ಯರು ಸೂಚಿಸಿದ ಗ್ಲೈಕೋಪೈರೊಲೇಟ್ ಔಷಧಿ ಕೊಡಿರಿ, ಈ ಸದ್ದಿನಿಂದ ರೋಗಿಗೆ ಅಷ್ಟಾಗಿ ಸಂಕಟವಿರುವುದಿಲ್ಲವೆಂದು ಮನೆಯವರಿಗೆ ಹೇಳಿರಿ. ದಿಕ್ಕು ತಪ್ಪಿದವರಂತೆ ಮಾತಾಡುವವರಿಗೆ ಮೂತ್ರ ಕಟ್ಟಿದೆಯೇ, ಮಲ ಗಟ್ಟಿಯಾಗಿದೆಯೇ, ಜ್ವರವಿದೆಯೇ ಎಂದು ಮೊದಲು ನೋಡಿರಿ.

ಹೆಜ್ಜೆ 8: ಮನೆಯಲ್ಲಿರುವ ರೋಗಿಗಳು

ಲಾಕ್‌ಡೌನಿನಲ್ಲಿ ಹಳ್ಳಿಗೆ ಹೋಗುವುದು ಕಷ್ಟವಾದಾಗ ವಾರಕ್ಕೆರಡು ನಿಗದಿತ ದಿನ ಫೋನ್ ಮಾಡಿರಿ. ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿದರೆ ಹಲವರಿಗೆ ತಿಳಿಯದು. ಹದಿನಾರಾಣೆಯಲ್ಲಿ ಎಷ್ಟಾಣೆ ನೋವಿದೆ ಎಂದರೆ ಹಿರಿಯರು ತಟ್ಟನೆ ಹೇಳುತ್ತಾರೆ. ಹೋಗಲೇಬೇಕಾದಾಗ ರೋಗಿಯನ್ನು ಪಡಸಾಲೆಗೋ ಕಟ್ಟೆಗೋ ಕರೆತರಿಸಿ ಗಾಳಿಯಲ್ಲಿ ನೋಡಿರಿ. ಔಷಧಿ ತಲುಪಿಸಲು ಆಶಾ ಕಾರ್ಯಕರ್ತೆಯರ ನೆರವು ಪಡೆಯಿರಿ, ಮಾರ್ಫಿನ್ ಮಾತ್ರ ಕೇಂದ್ರದ ಸಿಬ್ಬಂದಿಯೇ ಸಹಿ ಪಡೆದು ಕೊಡಲಿ.

ಹೆಜ್ಜೆ 9: ಸಾವಿನ ನಂತರ

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚಿನಲ್ಲಿ ಹೊರಡಿಸಿದ ಸೂಚನೆಯಲ್ಲೇ ಚೀಲದ ಜಿಪ್ ತೆರೆದು ಬಂಧುಗಳಿಗೆ ಮುಖ ತೋರಿಸಲು ಅವಕಾಶವಿತ್ತು. ದೇಹವನ್ನು ಮುಟ್ಟದ ಧಾರ್ಮಿಕ ವಿಧಿಗಳಿಗೂ ಅಡ್ಡಿಯಿರಲಿಲ್ಲ. ಬೂದಿಯಿಂದ ಅಪಾಯವಿಲ್ಲವೆಂದೂ ಹೇಳಿತ್ತು. ಸ್ನಾನ, ಅಪ್ಪುಗೆಗೆ ಮಾತ್ರ ನಿಷೇಧ. ಆದರೆ ಹೆದರಿಕೆಯಿಂದ ಎಷ್ಟೋ ಕಡೆ ಮುಖವನ್ನೂ ತೋರಿಸಲಿಲ್ಲ. ನೀವು ಆ ತಪ್ಪು ಮಾಡಬೇಡಿ. ಲಿಂಗಾಯತ ಮನೆಯವರಿಗೆ ವಿಭೂತಿಯನ್ನು ಕಿಟ್ ತೊಟ್ಟ ಸಿಬ್ಬಂದಿ ಹಚ್ಚಬಹುದೇ, ಮುಸ್ಲಿಂ ಮನೆಯವರಿಗೆ ಗುಸ್ಲ್ (ಮೃತದೇಹದ ಸ್ನಾನ) ಬದಲು ತಯಮ್ಮುಮ್ (ನೀರಿಲ್ಲದೆ ಮಣ್ಣಿನಿಂದ ಮಾಡುವ ಶುದ್ಧಿ) ಸಾಕೇ ಎಂದು ಊರಿನ ಸ್ವಾಮಿಗಳನ್ನೂ ಮೌಲ್ವಿಗಳನ್ನೂ ಪಾದ್ರಿಗಳನ್ನೂ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 10: ಸಿಬ್ಬಂದಿಗೆ ಮೊದಲು ಸಂಬಳ, ಆಮೇಲೆ ಸಾಂತ್ವನ

ಜ್ವರ ಬಂದ ಆಯಾ ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಬಂದರೆ ಅವರ ಪ್ರಾಮಾಣಿಕತೆಯನ್ನು ಶಂಕಿಸುವ ಮುನ್ನ ನಿಮ್ಮ ಹಾಜರಿ ಪುಸ್ತಕ ನೋಡಿರಿ. ರಜೆಗೆ ಕೂಲಿ ಕಡಿಯುವ ಕಡೆ ಯಾರೂ ಜ್ವರ ಹೇಳುವುದಿಲ್ಲ. ಸೋಂಕಿನ ರಜೆಗೆ ಪೂರ್ತಿ ಸಂಬಳವೆಂದು ಬರೆದು, ದಿನಗೂಲಿಯವರಿಗೂ ಓದಿ ಹೇಳಿರಿ. ಸಿಬ್ಬಂದಿಯನ್ನು ಒಬ್ಬರೊಡನೊಬ್ಬರು ಬೆರೆಯದ ಎರಡು ತಂಡ ಮಾಡಿದರೆ ಒಂದಕ್ಕೆ ಸೋಂಕು ತಗುಲಿದರೂ ಇನ್ನೊಂದು ಉಳಿಯುತ್ತದೆ. ಗರ್ಭಿಣಿಯರನ್ನೂ ಸಕ್ಕರೆ ಕಾಯಿಲೆಯವರನ್ನೂ ಫೋನ್ ಕೆಲಸಕ್ಕೆ ಹಾಕಿರಿ.

ನಮ್ಮ ನರ್ಸ್ ಒಬ್ಬರಿಗೆ ಮನೆ ಮಾಲೀಕರು ಮನೆ ಬಿಡಲು ಹೇಳಿದಾಗ, ನಮ್ಮ ವೈದ್ಯರೇ ಹೋಗಿ ಮಾಲೀಕರ ಅಂಗಳದಲ್ಲಿ ಕುಳಿತು ಒಂದು ತಾಸು ಮಾತಾಡಿ ಬಂದರು, ಮನೆ ಉಳಿಯಿತು. ಪತ್ರ ಕಳಿಸಿದ್ದರೆ ಉಳಿಯುತ್ತಿರಲಿಲ್ಲ. ಮಾತಿಗೆ ಬಗ್ಗದೆ ಕಿರುಕುಳಕ್ಕೆ ಇಳಿಯುವವರಿದ್ದರೆ, ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ಶಿಕ್ಷಾರ್ಹಗೊಳಿಸಿದ 2020ರ ಸಾಂಕ್ರಾಮಿಕ ರೋಗಗಳ ತಿದ್ದುಪಡಿ ಕಾಯ್ದೆ ನೆನಪಿರಲಿ.

ಪಾಳಿ ಮುಗಿದಾಗ ಹದಿನೈದು ನಿಮಿಷ ಎಲ್ಲರೂ ಅಂಗಳದಲ್ಲಿ ದೂರದೂರ ಕುಳಿತುಕೊಳ್ಳಿ. ಅಂದು ತೀರಿಕೊಂಡವರ ಹೆಸರು ಹೇಳಿ, ಅವರ ಬಗ್ಗೆ ನೆನಪಾದದ್ದನ್ನು ಯಾರಾದರೂ ಹೇಳಲಿ. ಹೇಳಲೇಬೇಕೆಂದು ಒತ್ತಾಯ ಬೇಡ. ನಿದ್ದೆಗೆಟ್ಟವರು, ಸಣ್ಣ ಮಾತಿಗೆ ಸಿಡಿಯುವವರು, ಅಳುವುದನ್ನೂ ಬಿಟ್ಟವರು ಯಾರೆಂದು ಗಮನಿಸಿ, ಒಬ್ಬಂಟಿಯಾಗಿ ಕರೆದು ಕೇಳಿರಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಹಿಂದೆ ಬರೆದಿಡಿ, ಅಲ್ಲಿ ಯಾರೂ ನೋಡದಂತೆ ಬರೆದುಕೊಳ್ಳಬಹುದು.

ಹೆಜ್ಜೆ 11: ಅಲೆ ಇಳಿದ ಮೇಲೆ

ತೀರಿಕೊಂಡವರ ರಿಜಿಸ್ಟರ್ ತೆಗೆದು, ಕೊನೆಯಲ್ಲಿ ಜೊತೆಗಿರಲಾಗದ ಮನೆಯವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿರಿ. ಆ ರಾತ್ರಿ ಯಾರು ಪಕ್ಕದಲ್ಲಿದ್ದರು, ನೋವಿತ್ತೇ, ಕೊನೆಯ ಮಾತು ಏನಿತ್ತು ಎಂದು ಕೇಳುತ್ತಾರೆ. ಆರೈಕೆ ಮಾಡಿದ ನರ್ಸೇ ಉತ್ತರ ಹೇಳಲಿ, ಇದ್ದುದನ್ನೇ ಹೇಳಲಿ. ಕನ್ನಡಕ, ಕೌದಿ, ಜಪಮಣಿ, ತಾಳಿ ಏನೇ ಉಳಿದಿದ್ದರೂ ಹೆಸರು ಬರೆದು ತೆಗೆದಿಟ್ಟಿರಬೇಕು. ಆಳಂದದ ಆ ರೈತರಿಗೆ ನಾನೇ ಫೋನ್ ಮಾಡಿದೆ. ನಾಲ್ಕು ದಿನ ಬಿಟ್ಟು ಬಂದರು. ಕ್ಷಮೆ ಕೇಳಿದೆ, ಏನೂ ಹೇಳಲಿಲ್ಲ. ಆಕೆ ಮಲಗಿದ್ದ ಮಂಚದ ಪಕ್ಕದ ಸ್ಟೂಲಿನ ಮೇಲೆ ಅರ್ಧ ತಾಸು ಕುಳಿತು, ತೊಳೆದಿಟ್ಟಿದ್ದ ಡಬ್ಬಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ ಹಿಡಿಯಲು ಹೊರಟರು.